ಬಾಲಾನಗರದ ಸಪ್ಪಳ

ಟಿವಿಯಲ್ಲಿ ಯಾವ ನಾಯಕ ಬಾಯಿ ಬಿಟ್ಟರೂ ಹುಲಗೇಶನ ಮೈ ಉರಿಯುತ್ತಿತ್ತು. "ಇನ್ನ ಆರು ತಿಂಗಳದಾಗ ಕಾರ್ಖಾನಿ ಎಲ್ಲಾ ಎದ್ದು ನಿಂದರ್ತಾವಂತ! ಹ್ವಾದ ವರ್ಷಾನೂ ಇದ ಆರು ತಿಂಗಳಾ ಹೇಳಿದ್ದ. ಇವನ ತಿಂಗಳು ಯಾವ ಕ್ಯಾಲೆಂಡರಿನಾಗ ಐತೋ ಯಪ್ಪಾ," ಎಂದು ಮೆಹದಿಪಟ್ಟಣಂನ ಅಪಾರ್ಟ್‌ಮೆಂಟೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕುಳಿತು ಒದರುತ್ತಿದ್ದ. ಹೆಂಡತಿ ಗುರುಬಾಯಿ ರೊಟ್ಟಿ ಬಡಿಯುತ್ತಲೇ, "ನಿಮ್ಮ ಬೈಗಳ ಅವರಿಗೇನು ಕೇಳಸ್ತೈತೇನ್ರಿ? ಗೇಟಿನಾಗ ಕಾರಿನವರು ಹಾರ್ನ್ ಹೊಡ್ಯಾಕತ್ತಾರ, ಮದ್ಲ ಅದನ್ನ ಕೇಳ್ರಿ," ಎನ್ನುವಳು. ಹುಲಗೇಶ ಸಿಳ್ಳೆ ಕೊರಳಿಗೆ ಹಾಕಿಕೊಂಡು ಗೇಟು ತೆಗೆಯಲು ಓಡುವನು.

ಅವನು ಹುಟ್ಟಾ ವಾಚ್‌ಮನ್ ಏನಲ್ಲ. ಲಿಂಗಸುಗೂರಿನ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದು, ಬಾಲಾನಗರದಲ್ಲಿ ಕಾಶಿನಾಥನ ಸಣ್ಣ ವರ್ಕ್‌ಶಾಪಿನಲ್ಲಿ ಲೇಥು ಹಿಡಿದವನು. ಉಕ್ಕಿನ ತುಂಡನ್ನು ಲೇಥಿನ ಬಾಯಿಗೆ ಕಚ್ಚಿಸಿ, ಗರಗರ ತಿರುಗಿಸಿ, ಹೇಳಿದ ಅಳತೆಗೆ ಕೆತ್ತಿ ಕೊಡುವ ಕೆಲಸ. ಆ ಕೆಲಸದಲ್ಲೇ ಮದುವೆಯಾದ, ಮಗಳು ತಾರಾ ಹುಟ್ಟಿದಳು, ಮೀಸೆ ಹಣ್ಣಾಯಿತು. ಆಮೇಲೆ ಆರ್ಡರುಗಳು ಕಡಿಮೆಯಾದವು, ಒಂದು ದಿನ ನಿಂತೇ ಹೋದವು. ಕಾಶಿನಾಥನೂ ಊರ ಕಡೆಯವನೇ, ಕೆಟ್ಟ ಮನುಷ್ಯನಲ್ಲ. ಶೆಟರ್ ಇಳಿಸಿ, ಕೆಲಸಗಾರರ ಮುಂದೆ ಕೈ ಮುಗಿದು ನಿಂತುಬಿಟ್ಟ. ಇದ್ದ ಎರಡು ಲೇಥುಗಳಲ್ಲಿ ಒಂದನ್ನು ಗುಜರಿಯವರು ಲಾರಿಗೆ ಹಾಕಿಕೊಂಡು ಹೋದರು. ಅದು ಚಂದ್ರಾಮನ ಲೇಥು. ಚಂದ್ರಾಮನೆಂದರೆ ಹುಲಗೇಶನ ಮಗ್ಗುಲಲ್ಲೇ ನಿಂತು ಕೆಲಸ ಕಲಿತವನು, ಒಡಹುಟ್ಟಿದ ತಮ್ಮನಿಗಿಂತ ಹೆಚ್ಚಿನವನು. ಲಾರಿ ಹೋದ ಮೇಲೆ ಅಣ್ಣತಮ್ಮ ಇಬ್ಬರೂ ನಡುರಸ್ತೆಯಲ್ಲಿ ನಿಂತು ಅತ್ತಿದ್ದರು.

ಎಷ್ಟೋ ದಿನ ಅಲೆದ ಮೇಲೆ ಹುಲಗೇಶನಿಗೆ ಈ ಗೇಟು ಸಿಕ್ಕಿತು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಾಮದಾಸ ಮೈಸೂರಿನವನು, ಕಂಪ್ಯೂಟರ್ ಕಂಪನಿಯ ನೌಕರ. ಕನ್ನಡ ಕೇಳಿದ್ದೇ ಅವನ ಮನಸ್ಸು ಕರಗಿ, "ನಾಳೆಯಿಂದಲೇ ಬನ್ನಿ," ಎಂದಿದ್ದ. ಸಂಬಳ ಅಷ್ಟಕ್ಕಷ್ಟೇ, ಆದರೆ ತಲೆಯ ಮೇಲೆ ಸೂರು ಬಂತು. ಗುರುಬಾಯಿಗೆ ಮೇಲಿನ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುವ, ಕಸ ಗುಡಿಸುವ ಕೆಲಸ ಸಿಕ್ಕಿತು. ತಾರಾಳ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಮೂವರ ಬದುಕೂ ಆ ಮೆಟ್ಟಿಲ ಕೆಳಗಿನ ಕೋಣೆಯ ಮೇಲೆ ನಿಂತಿತ್ತು, ಅದೊಂದು ಹೋದರೆ ಹೈದರಾಬಾದಿನಲ್ಲಿ ಅವರಿಗೆ ಬೇರೆ ಏನೂ ಇರಲಿಲ್ಲ.

ನಾಯಕರನ್ನು ನಂಬದವನು ಅವನೊಬ್ಬನೇ ಎಂದೇನಲ್ಲ. ಗೇಟಿನ ಎದುರಿನ ಚಹಾದ ಡಬ್ಬಿ ಅಂಗಡಿಯಲ್ಲಿ ಕನ್ನಡ, ತೆಲುಗು, ಉರ್ದು, ಯಾವ ಮಾತಿನಲ್ಲಿ ಬೈದರೂ ಬೈಯುವುದು ಅವರನ್ನೇ. ಶಾಲು ಹೊದೆಸಿಕೊಂಡದ್ದು, ಕಲ್ಲು ನೆಟ್ಟದ್ದು, ರಿಬ್ಬನ್ ಕತ್ತರಿಸಿದ್ದು, ಆಮೇಲೆ ಆ ಕಲ್ಲಿನ ಸುತ್ತ ಜಾಲಿ ಬೆಳೆದದ್ದು ಎಲ್ಲರಿಗೂ ಗೊತ್ತು. "ಮೂಗಿಗೆ ತುಪ್ಪ ಹಚ್ಚಿ ಹೋಗ್ತಾರ, ನಾವು ವಾಸನಿ ಹಿಡಕೊಂತ ಕುಂದ್ರಬೇಕು," ಎಂದು ಹುಲಗೇಶ ಹೇಳಿದರೆ ಚಹಾದವನೂ ನಗುತ್ತಿದ್ದ. "ನಾ ನಂಬೂದು ಒಂದ. ಬಾಲಾನಗರದ ಓಣ್ಯಾಗ ಮಷೀನಿನ ಸಪ್ಪಳ ಕೇಳಲಿ, ಅವತ್ತು ನಂಬ್ತೀನಿ, ದಿನಮಾನ ಚಲೋ ಬಂತಂತ."

ಹೀಗಿರುವಾಗ ಒಂದು ದಿನ ಕಾಶಿನಾಥನ ಫೋನು ಬಂತು. "ಹುಲಗ್ಯಾ, ಮಷೀನು ಚಾಲೂ ಮಾಡಾಕತ್ತೀನಿ. ಬರ್ತಿಯೇನು?"

"ಚಾಷ್ಟಿ ಮಾಡಬ್ಯಾಡ್ರಿ ಸಾವಕಾರ್ರ."

"ಬಂದು ನೋಡಿ ಹೋಗಲ್ಲ."

ಗೇಟು ನೋಡಿಕೊಳ್ಳಲು ಗುರುಬಾಯಿಗೆ ಹೇಳಿ, ಅಮೀರ್‌ಪೇಟೆಯಲ್ಲಿ ಬಸ್ಸು ಬದಲಿಸಿ ಅವನು ಬಾಲಾನಗರಕ್ಕೆ ಹೋದ. ಹೋದದ್ದು ನಂಬಿ ಅಲ್ಲ, ಇಲ್ಲವೆಂದು ಕಣ್ಣಾರೆ ಕಂಡು ಬಂದರೆ ಮನಸ್ಸಿಗೆ ನಿರಾಳವೆಂದು. ಆದರೆ ಓಣಿಯ ತಿರುವಿನಲ್ಲೇ ಅವನ ಕಾಲು ನಿಂತವು. ಅಯ್ಯೋ, ಎಷ್ಟು ದಿನವಾಗಿತ್ತು ಆ ಸಪ್ಪಳ ಕೇಳಿ! ಒಂದು ಕಡೆ ಪ್ರೆಸ್ಸು ಧಡ್ ಧಡ್ ಎಂದು ಕುಟ್ಟುತ್ತಿತ್ತು, ಇನ್ನೊಂದು ಕಡೆ ಕಬ್ಬಿಣ ಉಜ್ಜುವ ಚಕ್ರ ಕಿರುಚುತ್ತಿತ್ತು, ಇವೆಲ್ಲದರ ಅಡಿಯಲ್ಲಿ ಲೇಥುಗಳ ಗುಂಯ್‌ಗುಟ್ಟುವ ದನಿ. ಒಂದಲ್ಲ ಎರಡಲ್ಲ, ಓಣಿಗೆ ಓಣಿಯೇ ತಿರುಗುತ್ತಿತ್ತು. ಹುಲಗೇಶ ಕರೆಂಟಿನ ಕಂಬ ಹಿಡಿದು ನಿಂತು, ಹೋಗಿ ಬರುವವರು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಕಣ್ಣೊರೆಸಿಕೊಂಡ.

ಕಾಶಿನಾಥ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ. ಒಳಗೆ ಹುಲಗೇಶನ ಲೇಥಿನ ಮೇಲಿನ ಗೋಣಿತಟ್ಟು ತೆಗೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟಿದ್ದರು. "ನಿಂದ ಮಷೀನು. ನಾಳಿಂದ ಹಚ್ಚು. ಗುರುವಾರ ಯಾರೋ ದೊಡ್ಡವರು ಬರೂದು ಐತಿ, ಸ್ವಲ್ಪ ಸ್ವಚ್ಛ ಮಾಡಿ ಇಡು."

"ಬರಲಿ ಬಿಡ್ರಿ. ನಾವು ದುಡದದ್ದರ ಮುಂದ ನಿಂತು ಫೋಟೊ ಹೊಡಸ್ಕೊಳ್ಳೂದು ಅವರಿಗೇನು ಹೊಸಾದೇನು?" ಎಂದು ಹುಲಗೇಶ ನಕ್ಕ. ಕಾಶಿನಾಥ ನಗಲಿಲ್ಲ, ಬೇರೆ ಕಡೆ ನೋಡಿದ. ಆರ್ಡರ್ ಯಾರದು, ಎಷ್ಟು ತಿಂಗಳಿನದು ಎಂದು ಹುಲಗೇಶ ಕೇಳಲೇ ಇಲ್ಲ. ಅಲ್ಲೇ ಎಡವಿದ ಮಹಾರಾಯ! ಟಿವಿಯವರ ಒಂದೊಂದು ಮಾತಿಗೂ ಹತ್ತು ಪ್ರಶ್ನೆ ಹಾಕುತ್ತಿದ್ದವನಿಗೆ, ತಿರುಗುವ ಮಷೀನಿನ ಮುಂದೆ ಒಂದು ಪ್ರಶ್ನೆಯೂ ಹುಟ್ಟಲಿಲ್ಲ.

ಗುರುಬಾಯಿಗೆ ಹುಟ್ಟಿತು. "ಆರ್ಡರ್ ಯಾರದಂತ?"

"ಯಾರದರ ಇರಲಿ. ಓಣಿ ತುಂಬ ಸಪ್ಪಳ ಐತಿ, ನನ್ನ ಕಿವಿಲೇ ಕೇಳಿ ಬಂದೀನಿ."

"ಸಪ್ಪಳ ಹೊಟ್ಟಿ ತುಂಬಸ್ತೈತೇನ್ರಿ? ಒಂದು ತಿಂಗಳು ಹೋಗಿ ಬಂದು ಮಾಡ್ರಿ, ಆಮ್ಯಾಲೆ ಬಿಡೂಣು."

"ಹಗಲೆಲ್ಲಾ ಅಲ್ಲಿ ನಿಂತು ರಾತ್ರಿ ಇಲ್ಲಿ ಗೇಟು ಕಾಯಾಕ ನಾ ಏನು ಮನಿಷ್ಯಾ ಅಲ್ಲೇನು? ಸಾಯೂತನ ಇವರ ಕಾರಿಗೆ ಸಲಾಂ ಹೊಡ್ಕೊಂತ ಇರ್ಲೇನು? ನಾ ಲೇಥ್ ತಿರುಗಸೋ ಟರ್ನರ್ ಅದೀನಿ, ಗುರುಬಾಯಿ!"

ಅವನು ದನಿ ಏರಿಸಿದ್ದು ಅಪರೂಪ. ಗಂಡನ ಮುಖದ ಮೇಲೆ ಅಂಥ ಕಳೆ ಕಂಡು ಎಷ್ಟೋ ಕಾಲವಾಗಿತ್ತು, ಅದನ್ನು ಆರಿಸಲು ಗುರುಬಾಯಿಗೆ ಮನಸ್ಸಾಗಲಿಲ್ಲ.

ರಾಮದಾಸ ಮಾತ್ರ ಎರಡು ಸಲ ಹೇಳಿದ. "ಇನ್ನೊಂದು ಸಲ ಯೋಚನೆ ಮಾಡಿ ಹುಲಗೇಶ. ಈ ಕೆಲಸಕ್ಕೆ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಲ್ಲ? ನೀವು ಬಿಟ್ಟರೆ ನಾನು ಇನ್ನೊಬ್ಬರನ್ನು ಹಾಕಲೇಬೇಕು."

"ನಮ್ಮ ಚಂದ್ರಾಮನ್ನ ಹಾಕ್ರಿ ಸರ್. ಬಂಗಾರದಂಥ ಮನಿಷ್ಯಾ," ಎಂದ ಹುಲಗೇಶ. ತನಗೆ ಒಳ್ಳೆಯದಾಗುವಾಗ ತಮ್ಮನಿಗೂ ಒಂದು ದಾರಿಯಾಗಲಿ ಎಂದು ಅವನ ಹಿಗ್ಗು. ಜಗದ್ಗಿರಿಗುಟ್ಟದಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿ, ದಿನಾ ಒಂದು ಮಾತು ಕೇಳಿಸಿಕೊಂಡು ಬಿದ್ದಿದ್ದ ಚಂದ್ರಾಮ, ಹೆಂಡತಿ ಶೈಲಾ ಮತ್ತು ಮೊಲೆ ಕುಡಿಯುವ ಕೂಸಿನೊಂದಿಗೆ ಮರುದಿನವೇ ಬಂದಿಳಿದ. "ಅಣ್ಣಾ, ನೀ ನನ್ನ ಪಾಲಿಗೆ ದೇವ್ರು," ಎಂದು ಅವನು ಹುಲಗೇಶನ ಕೈ ಹಿಡಿದುಕೊಂಡ. ಗುರುಬಾಯಿ ತಾನು ಕೆಲಸ ಮಾಡುತ್ತಿದ್ದ ಮನೆಗಳನ್ನೂ ಶೈಲಾಳಿಗೆ ತೋರಿಸಿಕೊಟ್ಟಳು. ಬಾಲಾನಗರದ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ಕೋಣೆ ಹಿಡಿದು ಮೂವರೂ ಸಾಮಾನು ಸಾಗಿಸಿದರು. ತಾರಾ ಕಾಲೇಜಿಗೆ ಎರಡು ಬಸ್ಸು ಹಿಡಿಯಬೇಕಾಯಿತು, ಆದರೂ ಅಪ್ಪನ ಸಂಭ್ರಮ ನೋಡಿ ಪಿಟ್ಟೆನ್ನಲಿಲ್ಲ.

ಬಹಳ ದಿನ ನಿಂತ ಲೇಥನ್ನು ಯಾವ ಟರ್ನರನೂ ಒಮ್ಮೆಗೇ ಕೆಲಸಕ್ಕೆ ಹಚ್ಚುವುದಿಲ್ಲ. ಮೊದಲು ಎಣ್ಣೆ ಕುಡಿಸಬೇಕು, ಆಮೇಲೆ ಖಾಲಿ ತಿರುಗಿಸಬೇಕು, ಆಮೇಲೆ ಕೆಲಸಕ್ಕೆ ಬಾರದ ಹಳೆಯ ಕಬ್ಬಿಣ ಕಚ್ಚಿಸಿ ಒಂದೆರಡು ದಿನ ಸುಮ್ಮನೆ ಕೆತ್ತುತ್ತ ಅದರ ನಡಿಗೆ ನೋಡಬೇಕು. ಅದು ಓಣಿಯ ಹಳೆಯ ಪದ್ಧತಿ. ಆದ್ದರಿಂದ ಕಾಶಿನಾಥ ತುಕ್ಕು ಹಿಡಿದ ದಪ್ಪ ಶಾಫ್ಟೊಂದನ್ನು ತಂದುಕೊಟ್ಟು, "ಇದನ್ನ ತಿರುವ್ತಿರು," ಎಂದಾಗ ಹುಲಗೇಶನಿಗೆ ಏನೂ ಅನ್ನಿಸಲಿಲ್ಲ. ಪಕ್ಕದ ಅಂಗಡಿಯವರೂ ಹಳೆಯ ಕಬ್ಬಿಣವನ್ನೇ ಕೆತ್ತುತ್ತಿದ್ದರು. ಪಾಪ, ಎಲ್ಲರ ಮಷೀನುಗಳೂ ನಿಂತಿದ್ದವೇ ಅಲ್ಲವೇ, ಎಲ್ಲರೂ ಮೈ ಬಿಡಿಸಿಕೊಳ್ಳುತ್ತಿದ್ದಾರೆ ಎಂದುಕೊಂಡ. ಉಕ್ಕಿನ ಸುರುಳಿಗಳು ಬಿಸಿಬಿಸಿಯಾಗಿ ಕಾಲ ಬಳಿ ಬೀಳುತ್ತಿದ್ದರೆ ಅವನಿಗೆ ಊಟ ನೀರು ಬೇಡವಾಗಿತ್ತು.

ಗುರುವಾರ ನಾಯಕ ಬಂದ. ಮುಂದೆ ಪೊಲೀಸರು, ಹಿಂದೆ ಹೂಮಾಲೆ, ಸುತ್ತ ಕ್ಯಾಮೆರಾಗಳು. ಓಣಿಯ ನಡುವೆ ನಿಂತು ಕಿವಿಗೆ ಕೈ ಹಚ್ಚಿ, "ಕೇಳಿದಿರಾ ಈ ಸಪ್ಪಳ? ಕಷ್ಟದ ಕಾಲ ಮುಗಿಯಿತು ಎಂದು ನಾನು ಹೇಳಿದರೆ ನಗುತ್ತಿದ್ದರಲ್ಲ, ಈಗ ಈ ಮಷೀನುಗಳೇ ಹೇಳುತ್ತಿವೆ," ಎಂದು ತೆಲುಗಿನಲ್ಲಿ ಭಾಷಣ ಬಿಗಿದ. ನಂತರ ನೇರವಾಗಿ ಕಾಶಿನಾಥನ ವರ್ಕ್‌ಶಾಪಿನೊಳಗೆ ಬಂದು ಹುಲಗೇಶನ ಬೆನ್ನ ಮೇಲೆ ಕೈ ಹಾಕಿದ. "ಏನು ತಯಾರು ಮಾಡುತ್ತಿದ್ದೀಯಣ್ಣಾ?"

ಹುಲಗೇಶ ಬಾಯಿ ತೆರೆಯುವ ಮೊದಲೇ ಕಾಶಿನಾಥ ಮುಂದೆ ಬಂದು, "ವಿಮಾನದ ಪಾರ್ಟು ಸಾರ್," ಎಂದುಬಿಟ್ಟ.

ವಿಮಾನದ ಪಾರ್ಟು! ಹುಲಗೇಶ ಲೇಥಿನಲ್ಲಿ ತಿರುಗುತ್ತಿದ್ದ ಶಾಫ್ಟಿನ ಕಡೆ ನೋಡಿದ. ತೊಡೆಯಷ್ಟು ದಪ್ಪವಿದ್ದದ್ದು ಎರಡು ದಿನ ಕೆತ್ತಿ ಕೆತ್ತಿ ಹೆಬ್ಬೆರಳಿನಷ್ಟಾಗಿತ್ತು. ಬಾಗಿಲಾಚೆ ಎದುರಿನ ಅಂಗಡಿಯವನು ಖಾಲಿ ಪ್ರೆಸ್ಸನ್ನು ಕುಟ್ಟುತ್ತಿದ್ದ, ಅದರಡಿ ತಗಡಿನ ಚೂರೂ ಇರಲಿಲ್ಲ. ಒಂದೇ ಗಳಿಗೆಯಲ್ಲಿ ಎಲ್ಲ ತಿಳಿಯಿತು. ಕ್ಯಾಮೆರಾದವನು ಉದ್ದನೆಯ ಮೈಕನ್ನು ಅವನ ಮೂಗಿನ ಹತ್ತಿರ ಹಿಡಿದ. ನಾಯಕ ನಗುತ್ತಲೇ, "ಕೆಲಸ ಹೇಗಿದೆಯಪ್ಪಾ? ನೀನೇ ಹೇಳು," ಎಂದ.

ಹೇಳಬಹುದಿತ್ತು. 'ನೀವು ಬರುತ್ತೀರೆಂದು ಗುಜರಿ ಕೆತ್ತುತ್ತಿದ್ದೇವೆ' ಎಂದು ಇಡೀ ರಾಜ್ಯಕ್ಕೆ ಕೇಳುವ ಹಾಗೆ ಹೇಳಬಹುದಿತ್ತು. ಎಷ್ಟೋ ವರ್ಷಗಳಿಂದ ಟಿವಿಯ ಮುಂದೆ ಕುಳಿತು ಬೈದದ್ದೆಲ್ಲ ಬಾಯ ತುದಿಗೆ ಬಂದು ನಿಂತಿತ್ತು. ಆದರೆ ಕಾಶಿನಾಥ ಗುಂಪಿನ ಹಿಂದೆ ನಿಂತು ಎರಡೂ ಕೈ ಜೋಡಿಸಿದ್ದ, ಪೊಲೀಸರು ಇದ್ದರು, ಮತ್ತು ಮನಸ್ಸಿನ ಮೂಲೆಯಲ್ಲೆಲ್ಲೋ, ಇವತ್ತು ಒಳ್ಳೆಯದಾಗಿ ಹೇಳಿದರೆ ನಾಳೆ ನಿಜವಾಗಿಯೂ ಆರ್ಡರ್ ಬಂದೀತೆಂಬ ಹಾಳು ಆಸೆಯೂ ಇತ್ತು. "ಪನಿ ಚಾಲಾ ಉಂದಿ ಸಾರ್," ಎಂದ ಹುಲಗೇಶ. ಕೆಲಸ ಬೇಕಾದಷ್ಟಿದೆ ಎಂದು! ನಾಯಕ ಅವನನ್ನು ಅಪ್ಪಿಕೊಂಡ, ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾರುಗಳು ಮುಖ್ಯರಸ್ತೆ ಸೇರುವ ಹೊತ್ತಿಗೆ ಒಂದೊಂದೇ ಅಂಗಡಿಯ ಮಷೀನು ನಿಂತಿತು. ಪ್ರೆಸ್ಸು ನಿಂತಿತು, ಚಕ್ರಗಳು ನಿಂತವು. ಕಾಶಿನಾಥ ತಾನೇ ಬಂದು ಹುಲಗೇಶನ ಲೇಥಿನ ಸ್ವಿಚ್ ಆರಿಸಿದ.

"ನನಗರ ಹೇಳಬೇಕಿತ್ತಲ್ರಿ ಸಾವಕಾರ್ರ," ಎಂದ ಹುಲಗೇಶ.

"ಹೇಳಿದ್ರ ಬರ್ತಿದ್ದೇನು? ಶೆಟರ್ ಇಳಿಸಿದ ಅಂಗಡಿ ಒಂದೂ ಕಾಣಬಾರ್ದು, ಕಂಡ್ರ ಶೆಡ್ಡು ಕಸಗೊಂತೀವಿ ಅಂತ ಶೆಡ್ಡು ಕೊಟ್ಟ ಕಾರ್ಖಾನಿ ಸಂಘದವರು ಹೇಳಿ ಹೋಗಿದ್ರೋ. ಈ ಶೆಡ್ಡೂ ಹೋದ್ರ ನಾ ಎಲ್ಲಿ ಸಾಯಲಿ?"

"ನಾ ಗೇಟಿನ ಕೆಲಸ ಬಿಟ್ಟು ಬಂದೀನ್ರಿ! ಹೆಂಡ್ತಿ, ಮಗಳನ್ನ ಕಟಗೊಂಡು ಬಂದೀನಿ!"

ಕಾಶಿನಾಥ ಬೆಪ್ಪಾದ. "ಬಿಟ್ಟು ಬಂದ್ಯಾ? ಎಂಥಾ ಕೆಲಸ ಮಾಡಿದ್ಯೋ! ರಜಾ ಹಾಕಿ ಬಂದೀದಿ ಅಂತ ನಾ ತಿಳಕೊಂಡಿದ್ದೆ," ಎಂದು ತಲೆ ಮೇಲೆ ಕೈ ಹೊತ್ತು ಕುಳಿತ. ಆಮೇಲೆ ಕೂಲಿ ಎಂದು ಒಂದಿಷ್ಟು ನೋಟುಗಳನ್ನು ಹುಲಗೇಶನ ಜೇಬಿಗೆ ತುರುಕಿ, "ನೋಡೂಣು, ಸಾಹೇಬ್ರು ಹೇಳಿ ಹೋಗ್ಯಾರ, ಏನರ ಆದೀತು," ಎಂದ. ಆ ಮಾತಿನಲ್ಲಿ ಅವನಿಗೇ ನಂಬಿಕೆ ಇರಲಿಲ್ಲ.

ಮನೆಗೆ ಬಂದು ಹೇಳಿದಾಗ ಗುರುಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಲೆಯ ಮುಂದೆ ಕುಳಿತವಳು ಎದ್ದು, ಹಿಟ್ಟಿನ ಡಬ್ಬಿ ತೆಗೆದು ಇನ್ನೆಷ್ಟು ದಿನಕ್ಕೆ ಬಂದೀತೆಂದು ನೋಡಿದಳು. ಮುಂದಿನ ವಾರವೆಲ್ಲ ಹುಲಗೇಶ ಕೆಲಸ ಕೇಳಿಕೊಂಡು ಓಣಿ ಓಣಿ ಸುತ್ತಿದ. "ಟಿವ್ಯಾಗ ಬಂದಾಂವ ನೀನ ಅಲ್ಲೇನು? ಕೆಲಸ ಬೇಕಾದಷ್ಟೈತಿ ಅಂದಿ, ನಮಗೂ ಒಂದು ಕೊಡಸಪ್ಪಾ," ಎಂದು ನಕ್ಕವರೇ ಹೆಚ್ಚು. ತಗಡಿನ ಕೋಣೆಯ ಯಜಮಾನ ಬಾಡಿಗೆಗೆ ಎರಡು ಸಲ ಬಂದು ಹೋದ. ತಾರಾ ಬಸ್ಸಿನ ದುಡ್ಡಿಲ್ಲದೆ ಕಾಲೇಜು ತಪ್ಪಿಸಿ, ತಲೆನೋವೆಂದು ಸುಳ್ಳು ಹೇಳಿ ಮಲಗಿದಳು.

ಅವತ್ತು ಗುರುಬಾಯಿ ಬಾಯಿ ಬಿಟ್ಟಳು. "ಮಾನ ಮರ್ಯಾದಿ ನೋಡಕೊಂತ ಕುಂತ್ರ ಹುಡುಗಿ ಓದು ಮಣ್ಣಾಗ್ತೈತಿ. ಹೋಗಿ ರಾಮದಾಸ ಸರ್‌ನ ಕಾಲು ಹಿಡೀರಿ. ಬ್ಯಾರೆ ಯಾವುದರ ಗೇಟು ಇದ್ರ ಹೇಳ್ತಾರ."

ಭಾನುವಾರ ಬೆಳಿಗ್ಗೆ ಹುಲಗೇಶ ಮೆಹದಿಪಟ್ಟಣಂಗೆ ಹೋದ. ಗೇಟಿನ ಮುಂದೆ ಒಂದು ಆಟೋ ನಿಂತಿತ್ತು. ಅದರಲ್ಲಿ ಹಾಸಿಗೆಯ ಸುರುಳಿ, ಬಕೆಟು, ಗ್ಯಾಸಿನ ಒಲೆ. ಚಂದ್ರಾಮ ಒಳಗಿನಿಂದ ಕಬ್ಬಿಣದ ಟ್ರಂಕನ್ನು ಎಳೆದು ತರುತ್ತಿದ್ದವನು ಇವನನ್ನು ಕಂಡು ಅಲ್ಲೇ ಬಿಟ್ಟು ಓಡಿಬಂದ.

"ಅಣ್ಣಾ! ನೂರು ವರ್ಷ ಆಯುಷ್ಯ ನೋಡು ನಿನಗ. ಈಗ ನಿನ್ನ ಹೆಸರ ತಗಿಯಾಕತ್ತಿದ್ವಿ."

"ಎಲ್ಲಿಗೆ ಹೊಂಟೀಯೋ ಇದೆಲ್ಲಾ ಕಟಗೊಂಡು?"

"ಎಲ್ಲಿಗೆ ಅಂದ್ರ! ಬಾಲಾನಗರಕ್ಕ. ಆ ನಾಯಕನ ಮಾತು ಯಾವ ಹುಚ್ಚ ನಂಬ್ತಾನ? ನಾ ಚಾನೆಲ್ ಬದಲಿ ಮಾಡಾಂವ ಇದ್ನಿ. ಅಷ್ಟರಾಗ ನಿನ್ನ ಮಾರಿ ಬಂತು. ಕೆಲಸ ಬೇಕಾದಷ್ಟೈತಿ ಅಂತ ನೀ ಅಂದಿ. ಶೈಲಾಗ ಫೋನಿನಾಗ ಮತ್ತ ಮತ್ತ ತೋರಿಸೀನಿ. ನಮ್ಮಣ್ಣ ಸುಳ್ಳು ಹೇಳಾಂವಲ್ಲ ಅಂದೆ." ಚಂದ್ರಾಮನ ಕಣ್ಣಲ್ಲಿ ನೀರಾಡಿತು. "ಸಾವಕಾರ್ರಿಗೆ ಫೋನ್ ಹಚ್ಚಿದ್ರ ಎತ್ತವಲ್ರು, ಭಾಳ ಗದ್ಲದಾಗ ಇರಬೇಕು. ನಿನಗ ಹಚ್ಚಿದ್ರ ಬಂದ್ ಬರ್ತೈತಿ. ಅವರ ಹತ್ರ ನನ್ನ ಮಷೀನು ಇಲ್ಲ, ಖರೆ. ಬ್ಯಾರೆ ಅಂಗಡ್ಯಾಗ ಸಿಗ್ತೈತಲ್ಲಣ್ಣಾ?"

ಹುಲಗೇಶ ಬಾಯಿ ತೆರೆದ. ಚಂದ್ರಾಮನ ಹಿಂದೆ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಗುಡಿಸಿ ಖಾಲಿ ಮಾಡಿದ ನೆಲ, ಗುರುಬಾಯಿ ರೊಟ್ಟಿ ಬಡಿಯುತ್ತಿದ್ದ ಮೂಲೆ, ತಾರಾ ಪುಸ್ತಕ ಇಡುತ್ತಿದ್ದ ಗೂಡು. ಬೇಡವೋ ತಮ್ಮಾ, ಸಾಮಾನು ಇಳಿಸು ಎನ್ನುವಷ್ಟೇ ಕೆಲಸ. ಅಷ್ಟು ಅಂದರೆ ಈ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

"ರಾಮದಾಸ ಸರ್‌ಗೆ ಹೇಳೀಯೇನು?" ಎಂದು ಕೇಳಿದ.

"ನಿನ್ನೆ ಹೇಳೀನಿ. ಸಿಟ್ಟಾದ್ರು. ಹೊಸಬರನ್ನ ಹುಡಕಾಕತ್ತಾರ. ಹೇಳಣ್ಣಾ, ಸಿಗ್ತೈತಲ್ಲ?"

"ಸಿಗ್ತೈತಿ," ಎಂದ ಹುಲಗೇಶ.

ಅವನೇ ಬಗ್ಗಿ ಟ್ರಂಕಿನ ಒಂದು ಹಿಡಿಕೆ ಹಿಡಿದ. ಇಬ್ಬರೂ ಸೇರಿ ಅದನ್ನು ಆಟೋಗೆ ಏರಿಸಿದರು. ಶೈಲಾ ಕೂಸಿನ ಕೈ ಹಿಡಿದು ಆಡಿಸುತ್ತ, "ದೊಡ್ಡಪ್ಪಗ ಟಾಟಾ ಮಾಡವ್ವಾ," ಎಂದಳು. ಚಂದ್ರಾಮ ಜೇಬಿನಿಂದ ಕೋಣೆಯ ಕೀಲಿ ತೆಗೆದು ಹುಲಗೇಶನ ಕೈಗಿಟ್ಟ. "ಇದೊಂದು ಸರ್‌ಗೆ ಮುಟ್ಟಿಸಿಬಿಡಣ್ಣಾ, ನನಗ ಅವರ ಮಾರಿ ನೋಡಾಕ ಆಗವಲ್ದು." ಆಟೋ ಹೊಗೆ ಬಿಟ್ಟು ಹೊರಟಿತು. ತಿರುವಿನಲ್ಲಿ ಚಂದ್ರಾಮ ತಲೆ ಹೊರಗೆ ಹಾಕಿ ಕೈ ಬೀಸಿದ. ಹುಲಗೇಶ ಕೀಲಿ ಹಿಡಿದು ಗೇಟಿನೊಳಗೆ ತಿರುಗಿದ.

ಮೆಟ್ಟಿಲು ಹತ್ತಿ ಹೋಗಿ ರಾಮದಾಸನ ಮನೆಯ ಬೆಲ್ ಒತ್ತಿದ. ಬಾಗಿಲು ತೆರೆದ ರಾಮದಾಸ ಬೆರಗಾಗಿ, "ಏನು ಹುಲಗೇಶ, ಬಾಲಾನಗರದಲ್ಲಿ ಕೆಲಸ ಜೋರಂತೆ? ಟಿವಿಯಲ್ಲಿ ನೋಡಿದೆ," ಎಂದ.

"ಅಲ್ಲಿ ಕೆಲಸ ಇಲ್ರಿ ಸರ್. ಎಲ್ಲಾ ಸುಳ್ಳು. ನನ್ನ ತಿರುಗಿ ಇಟಗೋರಿ."

ರಾಮದಾಸ ಅವನ ಮುಖವನ್ನೇ ನೋಡಿದ. ಆಮೇಲೆ ಅವನ ಕೈಯಲ್ಲಿದ್ದ ಕೀಲಿ ನೋಡಿದ. "ಚಂದ್ರಾಮ ಈಗ ತಾನೇ ಹೊರಟನಲ್ಲ. ಅವನಿಗೆ ಹೇಳಲಿಲ್ವಾ ನೀವು?"

ಹುಲಗೇಶ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಗೇಟಿಗೆ ಇವತ್ತಿಂದನ ಕುಂದರ್ಲೇನ್ರಿ ಸರ್?" ಎಂದು ಕೇಳಿದ.